ಗಸಗಸೆ ಪಾಯಸ ಮತ್ತು ಎಂಜಲಿನ ಕಡ್ಡಿ

ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ನಾನು ಹನ್ನೊಂದು ವರ್ಷ ಸಿಬ್ಬಂದಿ ವಿಭಾಗದ ಗುಮಾಸ್ತನಾಗಿದ್ದೆ. ರಜೆ ಚೀಟಿ, ಗೇಟ್ ಪಾಸ್, ಕಾಯಂ ಆದೇಶ ಟೈಪ್ ಮಾಡುವುದು ನನ್ನ ಕೆಲಸ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಅದಕ್ಕೆ ಇನ್ನೊಂದು ಸೇರಿಕೊಂಡಿತು: ಜನರ ಎಂಜಲು ತೆಗೆಯುವುದು. ಕೆಲಸಗಾರರು ಗಾಂಜಾ, ಅಫೀಮಿನ ಅಮಲಿನಲ್ಲಿ ಯಂತ್ರ ಮುಟ್ಟುತ್ತಾರೋ ಏನೋ ಪರೀಕ್ಷೆ ಮಾಡಿ ಎಂದು ನಮ್ಮ ಮಾಲು ಕೊಳ್ಳುವ ಪರದೇಶದವರು ಹೇಳಿದ್ದರಂತೆ. ಮೂತ್ರ ಕೇಳಿದರೆ ಯೂನಿಯನ್ನಿನವರು ಗಲಾಟೆ ಎಬ್ಬಿಸುತ್ತಾರೆ, ಎಂಜಲೇ ವಾಸಿ ಎಂದರು ನಮ್ಮ ಸಾಹೇಬರು.

ಒಬ್ಬರು ಕಚ್ಚಿದ ಹಣ್ಣನ್ನು ಇನ್ನೊಬ್ಬರು ಮುಟ್ಟದ ಮನೆಯಲ್ಲಿ ಬೆಳೆದವನು ನಾನು. ಅಂಥವನು ಗೇಟಿನ ಪಕ್ಕ ಮೇಜು ಹಾಕಿಕೊಂಡು, ಕೈಗೆ ರಬ್ಬರ್ ಗ್ಲೌಸ್ ಏರಿಸಿ ಕೂತೆ. ಪಾಳಿಗೆ ಬರುವ ಕೆಲಸಗಾರರು ಒಳಗೆ ಹೋಗುವ ಮುನ್ನ ತುದಿಗೆ ಸ್ಪಂಜು ಇರುವ ಕಡ್ಡಿಯನ್ನು ದವಡೆಯಲ್ಲಿ ಇಟ್ಟುಕೊಳ್ಳಬೇಕು. ಅದು ನೆಂದ ಮೇಲೆ ನಾನು ಅದನ್ನು ಪರೀಕ್ಷೆಯ ಪಟ್ಟಿಗೆ ಒತ್ತಬೇಕು. ಗೆರೆ ಮೂಡಿದರೆ ಆಸಾಮಿ ಚೊಕ್ಕ, ಮೂಡದಿದ್ದರೆ ಕೆಟ್ಟ. ಎಲೆಅಡಿಕೆ ಹಾಕಿದವರು ಬಾಯಿ ಮುಕ್ಕಳಿಸಿ ಹತ್ತು ನಿಮಿಷ ಕಾಯಬೇಕು. ಆಫೀಸಿನವರಿಗೆ ಈ ಪರೀಕ್ಷೆ ಇರಲಿಲ್ಲ. ಮಧ್ಯಾಹ್ನದ ಊಟದ ಮೇಲೆ ಸಾಹೇಬರ ಬಾಯಿಂದ ಬರುತ್ತಿದ್ದ ವಾಸನೆ ಯಾವುದೆಂದು ಇಡೀ ಕಾರ್ಖಾನೆಗೆ ಗೊತ್ತಿತ್ತು.

ಕ್ರೇನ್ ನಡೆಸುವವರೊಬ್ಬರು ನನಗೆ ಆಪ್ತರಾಗಿದ್ದರು. ಒಕ್ಕಲು ಮನೆತನದವರು, ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವರು, ಬೀಡಿಯನ್ನೂ ಮುಟ್ಟಿದವರಲ್ಲ. ಅವರ ಪ್ರೊಬೇಷನ್ ಮುಗಿಯಲು ಹದಿನೈದು ದಿನ ಉಳಿದಿತ್ತು. ಅವರ ಕಾಯಂ ಆದೇಶ ಟೈಪಾಗಿ ಸಾಹೇಬರ ಸಹಿಗಾಗಿ ನನ್ನ ಮೇಜಿನ ಮೇಲೇ ಕಾಯುತ್ತಿತ್ತು.

ಶ್ರಾವಣದ ಕೊನೆಯ ಸೋಮವಾರ ಹೊರಗಿನ ಒಬ್ಬರಿಗಾದರೂ ಬಡಿಸದೆ ನಮ್ಮಮ್ಮ ತಾನು ಉಣ್ಣುತ್ತಿರಲಿಲ್ಲ. ಆ ವರ್ಷ ನಾನು ಇವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹಿನಕಲ್ಲಿನ ನಮ್ಮ ಮನೆಗೆ ಕರೆದೊಯ್ದೆ. ಅವರದು ಎರಡನೇ ಪಾಳಿ, ಊಟ ಮುಗಿಸಿ ಒಟ್ಟಿಗೇ ಹಿಂತಿರುಗುವುದೆಂದು ಮಾತಾಗಿತ್ತು. ಅಮ್ಮ ಗಸಗಸೆಯನ್ನು ಧಾರಾಳವಾಗಿ ರುಬ್ಬಿ ಪಾಯಸ ಮಾಡಿದ್ದರು.

"ಇನ್ನೊಂದ್ ಲೋಟ ಕುಡಿಯಪ್ಪ, ನಾಚ್ಕೋಬೇಡ."

"ಸಾಕಮ್ಮಾ, ಕ್ರೇನ್ ಮೇಲೆ ನಿದ್ದೆ ಬಂದ್ಬುಡ್ತದೆ."

ಅಮ್ಮ ಬಿಡಲಿಲ್ಲ. ಅವರು ಎರಡು ಲೋಟ ಕುಡಿದರು, ನಾನು ಮೂರು.

ಅಲ್ಲಿಂದ ಬಂದು ನಾನು ಮೇಜಿಗೆ ಕೂತೆ, ಅವರು ಸಾಲಿನಲ್ಲಿ ನಿಂತರು. ಬಾಯಿ ಮುಕ್ಕಳಿಸಿ ಬಂದು ನಗುತ್ತಲೇ ಕಡ್ಡಿ ಇಟ್ಟುಕೊಂಡರು. ಅಫೀಮಿನ ಜಾಗದಲ್ಲಿ ಗೆರೆ ಮೂಡಲಿಲ್ಲ. ಇನ್ನೊಂದು ಕಡ್ಡಿ ಕೊಟ್ಟೆ. ಅದರಲ್ಲೂ ಇಲ್ಲ. ಆಗ ನಮ್ಮಿಬ್ಬರಿಗೂ ಒಂದೇ ಗಳಿಗೆಯಲ್ಲಿ ಹೊಳೆಯಿತು: ಗಸಗಸೆ ಅಫೀಮಿನ ಗಿಡದ ಬೀಜವೇ ತಾನೆ.

"ಪಾಯಸ ಸಾರ್," ಎಂದರು. "ನೀವೂ ಕುಡ್ದಿದ್ರಲ್ಲ, ನಿಮ್ದೂ ಒಂದ್ಸಲ ನೋಡ್ಬುಡಿ. ನಿಮ್ಗೂ ಅಂಗೇ ಬಂದ್ರೆ ಸಾಹೇಬ್ರು ನಂಬ್ತಾರೆ."

ಡಬ್ಬಿ ತುಂಬ ಕಡ್ಡಿಗಳಿದ್ದವು. ಒಂದನ್ನು ನನ್ನ ಬಾಯಿಗೆ ಇಟ್ಟುಕೊಳ್ಳಲು ಎರಡು ನಿಮಿಷ ಸಾಕಿತ್ತು.

"ಆಫೀಸಿನವರಿಗೆ ಮಾಡೋ ಹಾಗಿಲ್ಲ ಕಣ್ರೀ, ರೂಲ್ಸಲ್ಲಿ ಇಲ್ಲ," ಎಂದೆ. ಎಂಥಾ ರೂಲ್ಸು, ನನ್ನ ತಲೆ! ನನಗೆ ಹೆದರಿಕೆ ಆಗಿತ್ತು, ಅಷ್ಟೇ. ನನ್ನ ಪಟ್ಟಿಯಲ್ಲೂ ಗೆರೆ ಬಾರದೆ, ಸಾಹೇಬರು ಇಬ್ಬರನ್ನೂ ಗೇಟಿನ ಹೊರಗೆ ಹಾಕಿದರೆ?

ಸಾಹೇಬರು ಉತ್ತರ ಭಾರತದವರು, ನಮ್ಮ ಗಸಗಸೆ ಪಾಯಸದ ಹೆಸರೂ ಕೇಳಿದವರಲ್ಲ. "ಎಲ್ಲೋ ಗಸಗಸೆ ಪಾಯಸ ಕುಡಿದಿದ್ದಾರಂತೆ ಸಾರ್," ಎಂದು ಹೇಳಿದೆ. ಎಲ್ಲೋ! ನಮ್ಮ ಮನೆಯಲ್ಲಿ ಎನ್ನಲು ನಾಲಿಗೆ ಹೊರಳಲಿಲ್ಲ. ಅವರು ನಕ್ಕರು. ಎಂಜಲನ್ನು ದೊಡ್ಡ ಲ್ಯಾಬಿಗೆ ಕಳಿಸಿದರೆ ನಿಜ ತಿಳಿಯುತ್ತದೆ ಎಂದು ಡಬ್ಬಿಯ ಮೇಲೇ ಅಚ್ಚಾಗಿತ್ತು. ಅದನ್ನು ತೋರಿಸಿದೆ. "ಪ್ರೊಬೇಷನ್ನಿನವರಿಗೆ ಇಷ್ಟೆಲ್ಲ ರಾಮಾಯಣ ಯಾಕೆ?" ಎಂದರು. ನಾನು ಡಬ್ಬಿ ಎತ್ತಿಕೊಂಡು ನನ್ನ ಮೇಜಿಗೆ ಬಂದೆ. ಕಾಯಂ ಆದೇಶವನ್ನು ಹರಿದು, ಕೆಲಸದಿಂದ ತೆಗೆದ ಕಾಗದ ಟೈಪ್ ಮಾಡಿದವನೂ ನಾನೇ. ಒಂದಕ್ಷರ ತಪ್ಪಿಲ್ಲದೆ ಟೈಪ್ ಮಾಡಿದೆ.

ಮಾರನೆಯ ದಿನ ಅವರು ಬಂದು ಹೆಲ್ಮೆಟ್ಟು, ಗೇಟ್ ಪಾಸು ಒಪ್ಪಿಸಿದರು. ಬೈಯುತ್ತಾರೆಂದು ಕಾದಿದ್ದೆ, ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಸಹಿ ಹಾಕಿ ಪೆನ್ನು ಹಿಂದಕ್ಕೆ ಕೊಡುತ್ತಾ ಮೆಲ್ಲಗೆ ಹೇಳಿದರು: "ಅಮ್ಮಂಗೆ ಈ ವಿಷ್ಯ ಹೇಳ್ಬೇಡಿ ಸಾರ್. ಪಾಪ, ತಮ್ಮ ಪಾಯಸದಿಂದ ಇಂಗಾಯ್ತು ಅಂತ ನೊಂದ್ಕೋತಾರೆ."

ನಾನು ಹೇಳಲಿಲ್ಲ. "ಆವತ್ತು ಬಂದಿದ್ನಲ್ಲ, ಆ ಹುಡುಗ ಚೆನ್ನಾಗಿದಾನಾ?" ಎಂದು ಅಮ್ಮ ಕೇಳಿದಾಗಲೆಲ್ಲ ಚೆನ್ನಾಗಿದ್ದಾರೆ ಎಂದೆ. ಅವರ ಮಾತು ಉಳಿಸಿದೆನೆಂದು ಯಾರೂ ತಿಳಿಯಬೇಡಿ. ನಡೆದದ್ದನ್ನು ಹೇಳಿದ್ದರೆ ಅಮ್ಮ ಮೊದಲು ಕೇಳುತ್ತಿದ್ದುದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು: "ನೀನೂ ಕುಡಿದಿದ್ದೆಯಲ್ಲೋ, ಅದನ್ನ ಹೇಳಲಿಲ್ವಾ?"