ಮೂವರ ಆಟಕ್ಕೆ ಕೂತ ಚೊಲ್‌ಗ್ಯು

ಬುಪ್ಯೊಂಗ್ ಮಾರ್ಕೆಟ್ಟಿನ ಹಿಂದೆ ನಾನು ಕಂಪ್ಯೂಟರ್ ಆಟದ ಅಂಗಡಿ ಇಟ್ಟಿದ್ದೇನೆ. ಅದರ ಹದಿನೇಳನೇ ಸೀಟು ಪ್ಯೋ ಚೊಲ್‌ಗ್ಯುನದು. ನಲವತ್ತೊಂದು ವಯಸ್ಸು, ಮಾತುಮಾತಿಗೂ ಕೊಬ್ಬು.

ಕೊಬ್ಬಿಗೆ ಕಾರಣವಿತ್ತು. ಹರೆಯದಲ್ಲಿ ಆರು ವರ್ಷ ಅವನು, ಕಂಪ್ಯೂಟರ್ ಯುದ್ಧದಾಟವನ್ನೇ ವೃತ್ತಿ ಮಾಡಿಕೊಂಡ ಒಂದು ತಂಡದ ಮನೆಯಲ್ಲಿದ್ದ. ತಂಡದ ಹೀರೋ ನಾಳೆ ಯಾರೊಡನೆ ಆಡಬೇಕೋ, ಇವನು ಇವತ್ತು ಅವರಂತೆಯೇ ಸೈನ್ಯ ಕಟ್ಟಿ ಹೀರೋನ ಕೈಯಲ್ಲಿ ಹೊಡೆಸಿಕೊಳ್ಳಬೇಕು. ಪಾಳೆಯ ಬಿದ್ದೊಡನೆ ಸೋಲೊಪ್ಪಿ ‘ಜೀಜಿ’ ಎಂದು ಟೈಪ್ ಮಾಡಿ ಹೊರಬರಬೇಕು, ಮತ್ತೆ ಶುರು ಮಾಡಬೇಕು. ದಿನಕ್ಕೆ ಇಪ್ಪತ್ತು ಸಲ. ಒಮ್ಮೆಯೂ ಅವನನ್ನು ಪಂದ್ಯದ ವೇದಿಕೆ ಹತ್ತಿಸಲಿಲ್ಲ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಮ್ಮಲ್ಲಿ ಈಗ ಒಬ್ಬರೆದುರು ಒಬ್ಬರೇ ಆಡುವವರಿಲ್ಲ. ಟ್ಯಾಕ್ಸಿ ಓಡಿಸುವ ದುಯಿಲ್, ಕೋಳಿ ಕರಿದು ಮಾರುವ ಮಿರಾನ್ ಎಲ್ಲರೂ ಆಡುವುದು ಮೂವರೆದುರು ಮೂವರ ಆಟ, ಅದೂ ಸೈನ್ಯ ಕಟ್ಟಲು ಬೇಕಾದ ಅದಿರು ಎಷ್ಟು ತೆಗೆದರೂ ಮುಗಿಯದ ನಕ್ಷೆಯಲ್ಲಿ. ಚೊಲ್‌ಗ್ಯುಗೆ ಅದನ್ನು ಕಂಡರೆ ಅಸಹ್ಯ.

“ಅದಿರೇ ಮುಗಿಯಲ್ಲ ಅಂದ್ಮೇಲೆ ತಲೆ ಯಾಕೆ ಬೇಕು? ಇದು ಆಟ ಅಲ್ಲ, ಸಂತೆ ಗದ್ದಲ” ಅನ್ನುತ್ತಿದ್ದ.

ಮಿರಾನ್ ಬಿಡುವವಳಲ್ಲ. “ನಿಮ್ಮಾಟದಲ್ಲಿ ನಿಮ್ಮ ಪಾಳೆಯ ಒಂದನ್ನ ನೋಡ್ಕೊಂಡ್ರೆ ಆಯ್ತಣ್ಣಾ. ಇಲ್ಲಿ ಮೂರು ನೋಡ್ಬೇಕು. ಅಷ್ಟು ಬರುತ್ತಾ ನಿಮಗೆ?”

ವಸಂತದಲ್ಲಿ ಮಾರ್ಕೆಟ್ ಸಂಘದವರು ಮೂವರ ಪಂದ್ಯ ಏರ್ಪಡಿಸಿದರು. ದುಯಿಲ್, ಮಿರಾನ್ ಜೊತೆ ಆಡಬೇಕಿದ್ದ ಮೂರನೆಯವನ ಮಣಿಕಟ್ಟು ಉಳುಕಿತು. ದುಯಿಲ್ ಬಂದು ಚೊಲ್‌ಗ್ಯುನನ್ನು ಕರೆದ. ಇವನು ಬೈಯುತ್ತಾನೆ ಅಂದುಕೊಂಡೆ. ಅವನು ನನ್ನತ್ತ ತಿರುಗಿ ಮೆಲ್ಲಗೆ, “ಅಕ್ಕಾ, ವೇದಿಕೆ ಮೇಲೇನಾ ಆಡ್ಸೋದು?” ಎಂದು ಕೇಳಿದ. ಮರುದಿನ ಕ್ಷೌರ ಮಾಡಿಸಿಕೊಂಡು ಬಂದ. ಒಂದೇ ಒಂದು ಸಲ ಅಲ್ಲಿ ಕೂತು ಗೆಲ್ಲಬೇಕೆಂಬ ಆಸೆ ಮುಖದಲ್ಲೇ ಕಾಣುತ್ತಿತ್ತು.

ಫೈನಲ್ ತನಕ ಅವನ ಕೈಚಳಕದಿಂದಲೇ ಗೆದ್ದರು. ಎದುರಾಳಿಗಳು ಅದನ್ನು ಗಮನಿಸಿಕೊಂಡಿದ್ದರು. ಫೈನಲ್‌ನಲ್ಲಿ ಅವರ ಮೂವರ ಸೈನ್ಯವೂ ಒಟ್ಟಿಗೆ ಅವನ ಪಾಳೆಯದ ಮೇಲೆ ಬಿತ್ತು. ಮೂವರ ಆಟದಲ್ಲಿ ನಿಜವಾದ ಬುದ್ಧಿ ಬೇಕಾಗುವುದು ಅಲ್ಲಿಂದಲೇ. ಬಿದ್ದವನು ಕಾಯುತ್ತಾನೆ, ಗೆಳೆಯರು ಅದಿರು ಕಳಿಸುತ್ತಾರೆ, ಅವನು ಇನ್ನೊಂದು ಮೂಲೆಯಲ್ಲಿ ಮತ್ತೆ ಕಟ್ಟುತ್ತಾನೆ. ಚೊಲ್‌ಗ್ಯುನ ಬೆರಳಿಗೆ ಅದು ಗೊತ್ತಿರಲಿಲ್ಲ. ಪಾಳೆಯ ಬಿತ್ತು, ‘ಜೀಜಿ’ ಎಂದು ಬರೆದು ಆಟದಿಂದ ಹೊರಗೆ ಬಂದುಬಿಟ್ಟ. ಅವನ ಪರದೆಯ ಮೇಲೆ ‘ಸೋಲು’ ಎಂದು ಬಂತು.

ಎದುರಾಳಿಗಳ ಪಾಳೆಯಗಳು ಖಾಲಿ ಬಿದ್ದಿದ್ದವು. ದುಯಿಲ್, ಮಿರಾನ್ ನುಗ್ಗಿ ನಾಲ್ಕೇ ನಿಮಿಷದಲ್ಲಿ ಗೆದ್ದರು. ಜನ ಚಪ್ಪಾಳೆ ತಟ್ಟಿದರು. ಫೋಟೋಗೆ ಕರೆದರೂ ಚೊಲ್‌ಗ್ಯು ಕುರ್ಚಿ ಬಿಟ್ಟೇಳಲಿಲ್ಲ.

ಮಿರಾನ್ ಹತ್ತಿರ ಹೋಗಿ ಬಗ್ಗಿದಳು. “ಯಾಕಣ್ಣಾ ಆಟ ಬಿಟ್ಬಿಟ್ರಿ? ಹೊಸದಾಗಿ ಕಟ್ಟೋವಷ್ಟು ಅದಿರು ಆಗ್ಲೇ ನಿಮ್ಮ ಹೆಸರಿಗೆ ಕಳ್ಸಿದ್ದೆ.”

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ನನಗೂ ಕಳಿಸ್ತಾರೆ ಅಂತ ಅಂದ್ಕೊಂಡಿರ್ಲಿಲ್ಲ” ಅಂದ.