ಚಿನ್ನದ ಗಾಜಿನ ಮೇಲಿನ ಬೊಟ್ಟು

ಕಂಡದ್ದಕ್ಕೆಲ್ಲ ಒಂದು ಕಾರಣ ಇದ್ದೇ ಇರುತ್ತದೆ ಎಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದವಳು ನಾನು. ದೆವ್ವ, ದೃಷ್ಟಿ, ಶಕುನ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಒಳಗೆ ಹೋಗುತ್ತಿದ್ದೆ. ಈಗ ನಾನು ಹೇಳುವುದನ್ನು ಕೇಳಿ ನೀವೂ ಎದ್ದು ಹೋದರೆ ನನಗೆ ಬೇಸರವಿಲ್ಲ.

ತೊಂಬತ್ತರ ದಶಕದ ಕೊನೆ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲಿ ಬಾಡಿಗೆ ಮನೆ. ನನ್ನ ಗಂಡ ಆಗ ಪಿಎಚ್.ಡಿ. ಮಾಡುತ್ತಿದ್ದರು. ಗಾಜಿನ ಚೂರಿಗೆ ತೆಳ್ಳಗೆ ಚಿನ್ನ ಲೇಪಿಸಿ ಒಂದು ದ್ರಾವಣದಲ್ಲಿ ಅದ್ದಿಟ್ಟರೆ, ಅಣುಗಳು ತಾವಾಗಿಯೇ ಬಂದು ಚಿನ್ನದ ಮೇಲೆ ಒತ್ತೊತ್ತಾಗಿ ನಿಲ್ಲುತ್ತವಂತೆ. ಇಡೀ ಪದರದ ದಪ್ಪ ಒಂದೇ ಒಂದು ಅಣು. ಆ ಪದರ ಕೂರಿಸುವುದು ಇವರ ಕೆಲಸ. ಅದರ ಮೇಲೆ ವಿದ್ಯುತ್ ಹರಿಯುವ ಪ್ಲಾಸ್ಟಿಕ್ಕಿನ ಫಿಲ್ಮ್ ಕೂರಿಸುವ ಕೆಲಸ ಲ್ಯಾಬಿನ ಜೊತೆಗಾತಿ ಶೀಲಾಳದು.

"ನನ್ನ ಲೇಯರ್ ಮೇಲೆ ಶೀಲಾ ಫಿಲ್ಮ್ ಎಷ್ಟು ಚೆನ್ನಾಗಿ ಕೂತಿದೆ ಗೊತ್ತಾ!" ಎಂದು ಸಾರನ್ನದ ಹೊತ್ತಿಗೆ ಶುರು ಮಾಡಿದರೆ ಮಜ್ಜಿಗೆ ಅನ್ನದವರೆಗೂ ಶೀಲಾ, ಶೀಲಾ. ಯಾವ ಹೆಂಡತಿಗೆ ತಾನೇ ಆ ಅನ್ನ ಗಂಟಲಲ್ಲಿ ಇಳಿದೀತು? ನನಗಂತೂ ಹೊಟ್ಟೆ ಉರಿದುಹೋಗುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಇವರು ಚಿನ್ನ ಲೇಪಿಸಿದ ಅಂಥದೊಂದು ಗಾಜಿನ ಚೂರು, ಅವರ ಮಾತಲ್ಲಿ ಸ್ಲೈಡು, ತಂದು ನನ್ನ ಕೈಗಿಟ್ಟರು. "ತಗೋ, ಚಿನ್ನ ಕೊಡಿಸಿಲ್ಲ ಅಂತಿದ್ಯಲ್ಲ." ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪದರ ಸರಿಯಾಗಿ ಕೂತಿದೆಯೇ ಎಂದು ನೋಡಲು ಸುಲಭದ ದಾರಿ, ಉಸಿರು ಬಿಡುವುದು. ಹಬೆ ಒಂದೇ ಸಮ ಹರಡಿದರೆ ಸರಿ; ಏನಾದರೂ ತಾಕಿದ್ದರೆ ಆ ಗುರುತು ಎದ್ದು ಕಾಣುತ್ತದೆ. ಇವರು ಉಸಿರು ಬಿಟ್ಟು ತೋರಿಸಿದರು. ಒಂದೇ ಸಮ ಹರಡಿತು, ಆರಿತು. ನಾನು ಬಿಟ್ಟೆ. ನಡುವೆ ದುಂಡಗೆ ಒಂದು ಕಡೆ ಹಬೆ ಕೂರಲೇ ಇಲ್ಲ. ಸರಿಯಾಗಿ ಒಂದು ಸ್ಟಿಕ್ಕರ್ ಬೊಟ್ಟಿನ ಗಾತ್ರ.

ಮುಖ ತೊಳೆಯುವ ಮುಂಚೆ ಬೊಟ್ಟು ತೆಗೆದು ಕನ್ನಡಿಗೆ ಅಂಟಿಸುವುದು ಯಾವ ಹೆಂಗಸಿಗೆ ಗೊತ್ತಿಲ್ಲ? ನಾನು ಇಡುತ್ತಿದ್ದುದು ಉದ್ದನೆಯ ಕುಂಕುಮ. ನಮ್ಮ ಮನೆಯಲ್ಲಿ ಸ್ಟಿಕ್ಕರ್ ಇರಲೇ ಇಲ್ಲ.

"ಯಾರದ್ರೀ ಇದು?"

"ಯಾರದು ಅಂದ್ರೆ? ಬೆಳಿಗ್ಗೆ ದ್ರಾವಣದಿಂದ ನಾನೇ ತೆಗೆದಿದ್ದು ಕಣೇ. ಯಾರೂ ಮುಟ್ಟಿಲ್ಲ."

ಮತ್ತೆ ಇವರು ಉಸಿರು ಬಿಟ್ಟರು, ಏನೂ ಇಲ್ಲ. ನಾನು ಬಿಟ್ಟೆ, ಬೊಟ್ಟು. ಇವರೂ ಬಗ್ಗಿ ನೋಡಿ ತಲೆ ಕೆರೆದುಕೊಂಡರು. ನನಗೆ ಅದೆಲ್ಲ ನಾಟಕದಂತೆ ಕಂಡಿತು.

"ನಾಳೆ ನಿಮ್ಮ ಶೀಲಾನ ಊಟಕ್ಕೆ ಕರೀರಿ" ಎಂದೆ. ಅವಳ ಹಣೆಯಲ್ಲಿ ಅದೇ ಗಾತ್ರದ ಬೊಟ್ಟು ಕಂಡರೆ ಮಾವಳ್ಳಿಯ ತವರಿಗೆ ಹೊರಟುಬಿಡುವುದೆಂದು ಬಟ್ಟೆ ಕೂಡ ಜೋಡಿಸಿಟ್ಟೆ.

ಮರುದಿನ ಬಾಗಿಲು ತೆಗೆದ ನಾನು ಮೊದಲು ನೋಡಿದ್ದೇ ಶೀಲಾಳ ಹಣೆ. ಖಾಲಿ. ಬೇಕೆಂದೇ ತೆಗೆದು ಬಂದಿದ್ದಾಳೆ ಎಂದುಕೊಂಡೆ. ಊಟವಾದ ಮೇಲೆ ಕುಂಕುಮದ ಬಟ್ಟಲು ಮುಂದೆ ಹಿಡಿದೆ.

"ಬೇಡ ಅಕ್ಕ, ನಾವು ಕ್ರಿಶ್ಚಿಯನ್ಸ್. ನಮ್ಮನೇಲಿ ಯಾರೂ ಬೊಟ್ಟು ಇಡಲ್ಲ, ನಾನೂ ಯಾವತ್ತೂ ಇಟ್ಟಿಲ್ಲ. ಹೂವು ಕೊಡಿ, ಮುಡ್ಕೋತೀನಿ" ಎಂದಳು.

ಬಟ್ಟಲು ಕೆಳಗಿಟ್ಟೆ. ಹೂವು ಕೊಟ್ಟು, ಒಳಗಿನಿಂದ ಸ್ಲೈಡು ತಂದುಕೊಟ್ಟೆ. ಅವಳು ಉಸಿರು ಬಿಟ್ಟಳು. ಹಬೆ ಒಂದೇ ಸಮ. ನಾನು ಬಿಟ್ಟೆ. ಬೊಟ್ಟು ಅಲ್ಲೇ ಇತ್ತು.

"ನಿಮ್ಮ ಉಸಿರಿಗೆ ಮಾತ್ರ ಯಾಕಕ್ಕ?" ಎಂದಳು ಶೀಲಾ.

ಬಟ್ಟೆಗಳು ಬೀರುವಿಗೆ ವಾಪಸ್ಸು ಹೋದವು. ಇವರು ಉಸಿರಿನ ಬಿಸಿ, ತೇವ ಎಂದು ಏನೇನೋ ಕಾರಣ ಹುಡುಕಿದರು, ಅವರಿಗೇ ಸಮಾಧಾನವಾಗಲಿಲ್ಲ. ನನಗೂ ಇವತ್ತಿನವರೆಗೆ ಅದು ಏನೆಂದು ತಿಳಿದಿಲ್ಲ. ಸ್ಲೈಡು ಸೀರೆಗಳ ಕೆಳಗೆ ಈಗಲೂ ಇದೆ.

ಶೀಲಾಳ ಮೇಲಿನ ಹೊಟ್ಟೆಕಿಚ್ಚು ಅವತ್ತೇ ಆರಿತು. ಆರದಿದ್ದರೆ ಚೆನ್ನಾಗಿತ್ತು. ಅಲ್ಲಿಯವರೆಗೆ ನನ್ನ ಅನುಮಾನಕ್ಕೆ ಒಂದು ಹೆಸರಾದರೂ ಇತ್ತು. ಈಗ ಗಾಂಧಿ ಬಜಾರಿಗೆ ಹೂವು ತರಲು ಹೋದಾಗ ಎದುರಿಗೆ ಬರುವ ಹೆಂಗಸರ ಹಣೆಯನ್ನೇ ನೋಡುತ್ತಾ ನಡೆಯುತ್ತೇನೆ. ನೋಡಿದವರದೆಲ್ಲ ದುಂಡು ಬೊಟ್ಟೇ.