ದೊಡ್ಡದು ಮಾಡ ಅಂದಿದ್ದು

ತಿಂಗಳ ಎಡೆ ಮುಗಿದ ಮರುದಿನ ಚೌಡವ್ವ ಟಿವಿಯ ಮೇಲಿನ ಹಳೆಯ ಸೀರೆ ತೆಗೆದಳು. ಅತ್ತೆ ಉಡಚವ್ವ ತೀರಿಕೊಂಡ ದಿನ ಹೊದಿಸಿದ್ದು ಅದು. ಯಲವಿಗಿಯ ಅವರ ಓಣಿಯಲ್ಲಿ ಸಾವಾದ ಮನೆಯವರು ತಿಂಗಳ ಎಡೆ ಆಗುವತನಕ ಟಿವಿ ಹಚ್ಚುವುದಿಲ್ಲ. ಉಪವಾಸವನ್ನಾದರೂ ಕದ್ದು ಮುರಿಯಬಹುದು, ಟಿವಿಯನ್ನು ಕದ್ದು ನೋಡುವುದು ಹೇಗೆ? ಗೋಡೆಗೆ ಗೋಡೆ ಹತ್ತಿದ ಮನೆಗಳು. ಒಬ್ಬರು ಕೆಮ್ಮಿದರೆ ಪಕ್ಕದವರು ಔಷಧ ಹೇಳುತ್ತಾರೆ.

ಅಂದು ರವಿವಾರ. ಮಗಳು ಸಂಘಮಿತ್ರಾ ತನ್ನ ಮೊಬೈಲಿನ ನೆಟ್ಟನ್ನು ಟಿವಿಗೆ ಜೋಡಿಸಿದಳು.

"ಒಂದ್ ತಿಂಗಳ ಸೀರಿಯಲ್ ಪೂರಾ ಐತಿ ನೋಡವ್ವ. ರೊಕ್ಕಾ ತುಂಬೇನಿ, ನಡುವ ಜಾಹೀರಾತು ಸೈತ ಬರಂಗಿಲ್ಲ. ಆಯಿ ಹೋದ ದಿನದ್ದರಿಂದ ಹಚ್ಚಲೇನು?"

"ಬ್ಯಾಡ. ಅದರ ಮರುದಿನದ್ದು ಹಚ್ಚ."

"ಅವತ್ತಿಂದು ನೀ ಅರ್ಧಾ ಅಷ್ಟ ನೋಡೀದಿ. ಮುಂದಿಂದು ತಿಳಿಯೂದು ಹ್ಯಾಂಗ?"

"ಮರುದಿನದ್ದು ಹಚ್ಚ ಅಂದ್ನೆಲ್ಲ!"

ಮಗಳು ಹಚ್ಚಿಕೊಟ್ಟು, ಮೊಬೈಲನ್ನು ಟಿವಿಯ ಹತ್ತಿರವೇ ಬಿಟ್ಟು ಗೆಳತಿಯ ಮನೆಗೆ ಹೋದಳು. ಗಂಡ ಕೊಟ್ರೇಶ ಸ್ಟೇಶನ್ನಿನ ಹತ್ತಿರ ಗೊಬ್ಬರದ ಚೀಲ ಇಳಿಸಲು ಹೋಗಿದ್ದ. ಮನೆಯಲ್ಲಿ ಚೌಡವ್ವ ಒಬ್ಬಳೇ ಉಳಿದಳು. ಒಬ್ಬಳೇ ಎನ್ನಲು ಅವಳಿಗೇ ಧೈರ್ಯವಿರಲಿಲ್ಲ. ನಡುಮನೆಯ ಕಂಬಕ್ಕೆ ಅತ್ತೆ ಒರಗಿ ಒರಗಿ ಎಣ್ಣೆಯ ಕಲೆಯಾಗಿತ್ತು. ಅದರ ಬುಡದಲ್ಲಿ ಎಲೆ ಅಡಿಕೆ ಕುಟ್ಟುವ ಪುಟ್ಟ ಒರಳು ಹಾಗೇ ಇತ್ತು. ಆ ಜಾಗದಲ್ಲಿ ಮನೆಯವರು ಯಾರೂ ಕೂರುತ್ತಿರಲಿಲ್ಲ.

ಚೌಡವ್ವ ವಾರವೆಲ್ಲ ಸವಣೂರಿಗೆ ಹೋಗಿ ವೀಳ್ಯದೆಲೆಯ ತೋಟದಲ್ಲಿ ಎಲೆ ಕಟ್ಟುವವಳು. ಸಂಜೆ ಟೆಂಪೊ ಇಳಿದು ಬಂದರೆ ಸೆರಗಿನಲ್ಲಿ ಅತ್ತೆಗೆಂದು ನಾಲ್ಕು ಎಳೆ ಎಲೆ ಇರುತ್ತಿದ್ದವು. ಅತ್ತೆ ಸೊಸೆ ಜಗಳವಾಡಿಲ್ಲವೆಂದರೆ ಸುಳ್ಳಾಗುತ್ತದೆ, ಉಪ್ಪಿಗೂ ಜಗಳ, ನೀರಿಗೂ ಜಗಳ. ಆದರೆ ಸೀರಿಯಲ್ ಶುರುವಾದರೆ ಇಬ್ಬರದೂ ಒಂದೇ ಪಕ್ಷ. ಅತ್ತೆ ಹುಲಗೂರಿಗೆ ತಮ್ಮನ ಮನೆಗೆ ಹೋಗಿ ನಾಲ್ಕು ದಿನ ಉಳಿದರೆ, ಬಂದ ಕೂಡಲೇ ಕಾಲು ತೊಳೆಯುವ ಮೊದಲೇ ಕಂಬಕ್ಕೆ ಒರಗಿ, "ಹೇಳ, ಏನೇನಾತು?" ಎನ್ನುತ್ತಿದ್ದಳು. ಸೊಸೆ ರೊಟ್ಟಿ ಬಡಿಯುತ್ತ ಕಥೆ ಹೇಳಬೇಕು, ಉಸಿರು ತೆಗೆದುಕೊಳ್ಳಲು ನಿಂತರೆ ಸಾಕು, ಕಂಬದಿಂದ "ಹ್ಞೂಂ, ಮುಂದ?" ಎಂದು ಕೇಳಿ ಬರುತ್ತಿತ್ತು.

ಇನ್ನು 'ದೊಡ್ಡದು ಮಾಡ' ಎಂಬ ಮಾತಿನ ವಿಷಯ. 'ದೀಪ ಆರಿಸು' ಎಂದು ಉಡಚವ್ವ ಜೀವಮಾನದಲ್ಲಿ ಅಂದವಳಲ್ಲ. ಆರುವುದು ಕೆಟ್ಟ ಮಾತು, ಮನೆಯೊಳಗೆ ಆಡಬಾರದು. ಆರಿಸಬೇಕಾದಾಗ 'ದೊಡ್ಡದು ಮಾಡ' ಎನ್ನಬೇಕು. ದೀಪಕ್ಕೂ ಅದೇ, ಬಲ್ಬಿಗೂ ಅದೇ, ಮುಂದೆ ಟಿವಿ ಬಂದಾಗ ಅದಕ್ಕೂ ಅದೇ. ಟಿವಿ ಬಂದ ಮೊದಲ ದಿನ ಅತ್ತೆ 'ದೊಡ್ಡದು ಮಾಡ' ಅಂದದ್ದಕ್ಕೆ ಚೌಡವ್ವ ದನಿಯನ್ನು ಪೂರ್ತಿ ಏರಿಸಿದ್ದಳು, ಓಣಿಯೆಲ್ಲ ಏನಾಯಿತೋ ಎಂದು ಓಡಿ ಬಂದಿತ್ತು. ಅದನ್ನು ನೆನೆದು ವರ್ಷಗಟ್ಟಲೆ ನಕ್ಕಿದ್ದರು. ಆಮೇಲೆ ಅತ್ತೆಗೆ ಕಿವಿ ಮಂದವಾಯಿತು. ದನಿ ಏರಿಸುವುದಕ್ಕೂ 'ದೊಡ್ಡದು ಮಾಡ' ಎನ್ನತೊಡಗಿದಳು. ಆಗ ಅವಳ ಕೈ ನೋಡಬೇಕಿತ್ತು. ಅಂಗೈ ಮೇಲೆತ್ತಿದರೆ ದನಿ ಏರಿಸು, ಅಂಗೈ ಕೆಳಗೆ ಮಾಡಿದರೆ ಬಂದ್ ಮಾಡು.

ಅತ್ತೆ ತೀರಿಕೊಂಡ ಆ ಸಂಜೆ ಚೌಡವ್ವ ಕೈ ನೋಡಲಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ನಡುಮನೆಯಿಂದ "ಚೌಡೀ, ದೊಡ್ಡದು ಮಾಡ" ಎಂದು ಕೇಳಿತು. ಓಡಿ ಬಂದಳು, ಹಿಟ್ಟಿನ ಕೈಯಿಂದಲೇ ರಿಮೋಟಿನ ದನಿ ಏರಿಸುವ ಗುಂಡಿ ಒತ್ತಿದಳು, ಓಡಿ ಹೋದಳು. ಗಂಗಾಳದಲ್ಲಿ ರೊಟ್ಟಿ ಹಾಕಿಕೊಂಡು ಬಂದಾಗ ಉಡಚವ್ವ ಕಂಬಕ್ಕೆ ಒರಗಿದ್ದಳು, ಜೀವ ಇರಲಿಲ್ಲ. ಟಿವಿ ಮನೆ ಹಾರಿಹೋಗುವಂತೆ ಕೂಗುತ್ತಿತ್ತು.

ವಯಸ್ಸಾಗಿತ್ತು, ನರಳದೆ ಹೋದಳು, ಪುಣ್ಯವಂತೆ ಎಂದು ಬಂದವರೆಲ್ಲ ಅಂದರು. ಚೌಡವ್ವ ಯಾರಿಗೂ ಏನೂ ಹೇಳಲಿಲ್ಲ. ಆದರೆ ದೀಪ ಆರಿಸಲು ಗುಂಡಿಯ ಮೇಲೆ ಬೆರಳಿಟ್ಟಾಗಲೆಲ್ಲ ಬೆನ್ನ ಹಿಂದೆ ಕಂಬದಿಂದ ಆ ಮಾತು ಬರುತ್ತಿತ್ತು. ದೊಡ್ಡದು ಮಾಡ. ಅದು ಯಾವ ದೊಡ್ಡದು? ಕಥೆ ಕೇಳಲೆಂದು ಅಂದದ್ದಾದರೆ ಸರಿ, ಅತ್ತೆಯ ಕೊನೆಯ ಮಾತು ನಡೆಸಿದಂತಾಯಿತು. ಬಂದ್ ಮಾಡಲೆಂದು ಅಂದದ್ದಾದರೆ? ಅತ್ತೆ ಆಮೇಲೆ ನೀರು ಕೇಳಿದ್ದರೂ, ಹೆಸರು ಹಿಡಿದು ಕರೆದಿದ್ದರೂ, ಆ ಗದ್ದಲದಲ್ಲಿ ಅದು ಒಲೆಯತನಕ ಬಂದಿರಲಿಕ್ಕಿಲ್ಲ. ತಿಂಗಳೆಲ್ಲ ಅವಳನ್ನು ತಿಂದದ್ದು ಇದೊಂದೇ.

ಮರುದಿನದ ಕಂತು ಅರ್ಥವಾಗಲಿಲ್ಲ. ಅದರಾಚೆಯವು ಮೂರು ನಾಲ್ಕು ನೋಡಿದರೂ ಅಷ್ಟೇ. ದೊಡ್ಡ ಮನೆಯ ಯಜಮಾನ ತನ್ನ ಡ್ರೈವರನನ್ನು ತಬ್ಬಿಕೊಂಡು ಅಳುತ್ತಾನೆ, ಅಡಿಗೆಯ ಮುದುಕಿ ಮನೆ ಬಿಟ್ಟು ಹೋಗಿದ್ದಾಳೆ. ಯಾಕೆ, ಏನು? ಎಲ್ಲವೂ ಬಿಟ್ಟ ಕಂತಿನಲ್ಲಿ ಆಗಿಹೋಗಿತ್ತು. ಕೊನೆಗೆ ಚೌಡವ್ವ ಸೆರಗಿನಿಂದ ಬೆವರು ಒರೆಸಿಕೊಂಡಳು. ಮಗಳು ತೋರಿಸಿದಂತೆ ಗುಂಡಿ ಒತ್ತಿ ಹಿಂದಕ್ಕೆ ಹೋದಳು. ರಿಮೋಟಿನ ಪ್ಲಾಸ್ಟಿಕ್ ಕವರಿಗೆ ಅಂದಿನ ಜೋಳದ ಹಿಟ್ಟು ಇನ್ನೂ ಅಂಟಿಕೊಂಡಿತ್ತು.

ಮೊದಲರ್ಧ ಕಂಡದ್ದೇ. ಅದನ್ನು ಅತ್ತೆಯ ಜೊತೆ ನೋಡಿಯೇ ಅವಳು ಹಿಟ್ಟು ನಾದಲು ಎದ್ದದ್ದು. ಆಮೇಲೆ ಅಡಿಗೆಯ ಮುದುಕಿ ಯಜಮಾನನ ಕಿವಿಯ ಹತ್ತಿರ ಬಾಗಿದಳು. ಡ್ರೈವರ ನಿನ್ನ ಕಳೆದುಹೋದ ಮಗನೇ ಎಂದು ಪಿಸುಗುಟ್ಟಿದಳು. ಎಷ್ಟು ಮೆಲ್ಲಗೆ ಎಂದರೆ ಚೌಡವ್ವನೂ ಮುಂದೆ ಸರಿಯಬೇಕಾಯಿತು.

ಅವಳ ಕಣ್ಣು ತುಂಬಿ ಬಂದವು. "ಇದಕ್ಕ ಅಂದ್ರೇನ್ರಿ ಅತ್ತಿ? ಇದು ಕೇಳವಲ್ದಂತ ಅಂದ್ರಿ ಹೌದಲ್ರಿ?" ಎಂದು ಕಂಬಕ್ಕೆ ಕೇಳಿದಳು. ತಿಂಗಳಲ್ಲಿ ಮೊದಲ ಸಲ ಎದೆ ಹಗುರಾಯಿತು.

ಅಷ್ಟರಲ್ಲಿ ತೆರೆ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಕಪ್ಪಾಯಿತು. ಜಾಹೀರಾತು ಬರುವ ಜಾಗ ಅದು. ಮಗಳು ರೊಕ್ಕ ತುಂಬಿದ್ದರಿಂದ ಬರಲಿಲ್ಲ. ಆ ಕಪ್ಪಿನಲ್ಲಿ ಚೌಡವ್ವನ ಮುಖ ಕಂಡಿತು, ಅದರ ಹಿಂದೆ ಕಂಬ ಕಂಡಿತು. ಆಗ ನೆನಪಾಯಿತು. ಹಿಟ್ಟಿನ ಕೈಯಲ್ಲಿ ಓಡಿ ಬಂದಾಗ ಕಿವಿಗೆ ಬಿದ್ದದ್ದು ಪಿಸುಮಾತಲ್ಲ. ಈ ಪಿಸುಮಾತನ್ನು ಅವಳು ಈಗಲೇ ಮೊದಲು ಕೇಳಿದ್ದು. ಅಂದು ಕೇಳಿದ್ದು ಬಟ್ಟೆ ಸೋಪಿನ ಹಾಡು.

ಜಾಹೀರಾತಿಗೆ ದನಿ ಏರಿಸು ಎನ್ನುವವಳಲ್ಲ ಉಡಚವ್ವ. "ಅಂಗಡಿ ಮಾತು ಮನ್ಯಾಗ್ಯಾಕ, ದೊಡ್ಡದು ಮಾಡ" ಎಂದು ಅಂಗೈ ಕೆಳಗೆ ಮಾಡುವವಳು. ಅಂದು ಕೈ ಹಾಗೇ ಇದ್ದಿರಬೇಕು. ಸೊಸೆ ತಿರುಗಿ ನೋಡಿರಲಿಲ್ಲ.

ಚೌಡವ್ವ ಅಳಲಿಲ್ಲ, ಅಳು ಬರಲಿಲ್ಲ. "ಮಾಡ್ತೇನ್ರಿ ಅತ್ತಿ, ಈಗ ಮಾಡ್ತೇನಿ" ಎಂದು ಟಿವಿ ಬಂದ್ ಮಾಡಿದಳು. ಮನೆ ಸುಮ್ಮನಾಯಿತು. ಪಕ್ಕದ ಮನೆಯ ಹುಸೇನಬಿ ಅಕ್ಕಿ ಕೇರುವುದು ಕೇಳಿತು, ಗೂಡಿನೊಳಗೆ ಕೋಳಿ ಕಾಲು ಕೆದರುವುದು ಕೇಳಿತು. ಇಷ್ಟು ಸಣ್ಣ ಸದ್ದು ಕೇಳುವಾಗ ಒಂದು ಮನುಷ್ಯಜೀವ ಕರೆದಿದ್ದರೆ ಕೇಳದೆ ಇರುತ್ತಿರಲಿಲ್ಲ.

ಅವಳು ಎದ್ದು ಕಂಬದ ಎದುರಿಗೆ ಕುಳಿತಳು. ಪುಟ್ಟ ಒರಳನ್ನು ಸೆರಗಿನಿಂದ ಒರೆಸಿ ಅದರ ಜಾಗದಲ್ಲೇ ಇಟ್ಟಳು.

"ನೀವು ಹೋದ ಮ್ಯಾಲ ಏನಾತಂದ್ರ ಅತ್ತಿ, ಆ ಅಡಿಗಿ ಮುದುಕಿ ಕಡೀಕೂ ಬಾಯಿ ಬಿಟ್ಲರಿ. ಡ್ರೈವರ ಅವರ ಮಗಾನ ಅಂತ. ಯಜಮಾನಗ ನಿಂತ ನೆಲಾನ ಕುಸಿದಂಗಾತು..."

ಉಸಿರು ತೆಗೆದುಕೊಳ್ಳಲು ನಿಂತಳು. ನಿಂತು, ಕಿವಿಗೊಟ್ಟು ಕಾದಳು. ಪಕ್ಕದ ಮನೆಯ ಮೊರದ ಸದ್ದೂ ಅಷ್ಟರಲ್ಲಿ ನಿಂತಿತ್ತು.

"ಹೇಳ್ತೇನ್ರಿ, ತಡೀರಿ," ಎಂದಳು ಚೌಡವ್ವ.